ಹಳಿಯಿಂದ ಶುರುವಾಗುವ ರೈಲು

ಯುದ್ಧಕಾಲದ ಕವಚದ ರೈಲಿನ ಮಾದರಿ ಕಟ್ಟಲು ಕೂತವರ ಕಣ್ಣು ಮೊದಲು ಹೋಗುವುದು ತೋಪಿನ ಮೇಲೆ, ಆಮೇಲೆ ಎಂಜಿನ್ನಿನ ಮೇಲೆ. ಹಳಿಯ ನೆನಪಾಗುವುದು ಎಲ್ಲ ಮುಗಿದ ಮೇಲೆ, ಇದನ್ನೆಲ್ಲಿ ನಿಲ್ಲಿಸೋಣ ಎಂದು ಹಲಗೆ ಹುಡುಕುವ ಹೊತ್ತಿಗೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಹಳಿ ಮೊದಲು, ತೋಪು ಕೊನೆಗೆ.

ಕಾರಣ ಕೆಲಸದ ಅನುಕೂಲಕ್ಕಿಂತ ದೊಡ್ಡದು. ಟ್ಯಾಂಕು ರಸ್ತೆ ಕೆಟ್ಟರೆ ಗದ್ದೆಗೆ ಇಳಿಯುತ್ತದೆ. ರೈಲಿಗೆ ಆ ಭಾಗ್ಯವಿಲ್ಲ. ಎಷ್ಟೇ ದಪ್ಪ ಉಕ್ಕು ಹೊದ್ದುಕೊಂಡರೂ ಅದರ ಜೀವ ಇರುವುದು ಕೆಳಗಿನ ಎರಡು ಕಂಬಿಗಳಲ್ಲಿ. 1899ರ ನವೆಂಬರ್ 15ರಂದು ದಕ್ಷಿಣ ಆಫ್ರಿಕದ ಚೀವ್ಲಿ ಹತ್ತಿರ ಡಚ್ ಮೂಲದ ವಲಸಿಗರಾದ ಬೋಯರ್ ಸೈನಿಕರು ಬ್ರಿಟಿಷರ ಕವಚದ ರೈಲನ್ನು ಕೆಡವಿದ್ದು ಹಳಿಯ ಮೇಲೆ ಕಲ್ಲಿಟ್ಟು. ಮುಂದಿನ ಬಂಡಿಗಳು ಹಳಿ ತಪ್ಪಿ ದಾರಿ ಕಟ್ಟಿಹೋಯಿತು. ಆ ದಿನ ಸೆರೆ ಸಿಕ್ಕವರಲ್ಲಿ ಯುವಕ ವಿನ್‌ಸ್ಟನ್ ಚರ್ಚಿಲ್ ಕೂಡ ಒಬ್ಬ. ಆಮೇಲಿನ ಎರಡು ಮಹಾಯುದ್ಧಗಳಲ್ಲೂ ಕವಚದ ರೈಲಿನ ತುದಿಗೆ ಕವಚವಿಲ್ಲದ ಬೋಳು ಬಂಡಿಗಳನ್ನು ಕಟ್ಟುತ್ತಿದ್ದದ್ದು ಇದೇ ಭಯಕ್ಕೆ. ಮೈನ್ ಸಿಡಿದರೆ ಮೊದಲು ಆ ಬಂಡಿ ಹೋಗಲಿ; ಹಳಿ ಕಿತ್ತಿದ್ದರೆ ಅದರ ಮೇಲಿರುವ ಕಂಬಿ, ಸ್ಲೀಪರ್, ಹಾರೆ, ಸುತ್ತಿಗೆ ಇಳಿಸಿ ಅಲ್ಲೇ ರಿಪೇರಿ ಮಾಡಿಕೊಳ್ಳಲಿ ಎಂಬ ಲೆಕ್ಕ. ಈ ಭಯ ಮತ್ತು ಈ ತೂಕ ಎರಡೂ ಕಾಣಿಸದಿದ್ದರೆ ಮಾದರಿ ಎಷ್ಟೇ ಚೊಕ್ಕವಾಗಿದ್ದರೂ ಜಾತ್ರೆ ಆಟಿಕೆಯಾಗಿಯೇ ಉಳಿಯುತ್ತದೆ.

ಯಾವ ರೈಲು? ಜರ್ಮನರ ಬಿಪಿ-42 ನೋಡಲು ಭವ್ಯ. ಟ್ರಂಪೀಟರ್ ಕಂಪನಿ ಅಂಥ ರೈಲಿಗೆ ಬಳಸಿದ ಬಿಆರ್ 57 ಕವಚದ ಎಂಜಿನ್ನನ್ನು 1:35 ಅಳತೆಯಲ್ಲಿ ಕಿಟ್ ಮಾಡಿದೆ. ಆದರೆ 1:35ರಲ್ಲಿ ಪೂರ್ತಿ ರೈಲು ಕಟ್ಟಿದರೆ ಮನೆಯ ಜಗಲಿಯನ್ನೇ ಬಿಟ್ಟುಕೊಡಬೇಕಾಗುತ್ತದೆ. ಮೊದಲ ಸಲಕ್ಕೆ ಸೋವಿಯತ್ ಬಿಪಿ-43, ಅಳತೆ 1:72, ಇದೇ ಸರಿಯಾದ ಜೋಡಿ. ನಡುವೆ ಕವಚದ ಎಂಜಿನ್. ಅದರ ಹಿಂದೆ ಮುಂದೆ ಎರಡೆರಡು ಪಿಎಲ್-43 ತೋಪಿನ ಬಂಡಿ. ಅದರಾಚೆ ವಿಮಾನ ಹೊಡೆಯುವ ತೋಪಿನ ಬಂಡಿ ಒಂದೊಂದು. ತುದಿಗಳಲ್ಲಿ ಬೋಳು ಬಂಡಿ. ಪಿಎಲ್-43 ಅಂದರೆ ಎರಡು ಅಚ್ಚಿನ ಚಪ್ಪಟೆ ಗೂಡ್ಸ್ ಬಂಡಿಯ ಮೇಲೆ ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಟಿ-34 ಟ್ಯಾಂಕಿನ ಟರೆಟ್, ಅಂದರೆ ತೋಪು ಹೊತ್ತು ತಿರುಗುವ ಗೋಪುರ ಒಂದು. ಟಿ-34ರ 1:72 ಕಿಟ್ಟುಗಳು ಅಗ್ಗವಾಗಿ ಸಿಗುತ್ತವೆ. ಒಂದು ಬಂಡಿ ಕಟ್ಟಲು ಕಲಿತರೆ ಉಳಿದ ಮೂರು ಅದರದೇ ಪ್ರತಿ. ಉಕ್ರೇನಿನ ಯುಎಂ ಕಂಪನಿ 1:72ರಲ್ಲಿ ಸೋವಿಯತ್ ಕವಚದ ರೈಲುಗಳ ಕಿಟ್ ತಂದಿದೆ. ಅದನ್ನು ಬುನಾದಿಯಾಗಿ ಇಟ್ಟುಕೊಳ್ಳಬಹುದು, ಪ್ಲಾಸ್ಟಿಕ್ ಶೀಟಿನಿಂದ ಮೊದಲಿನಿಂದಲೂ ಕಟ್ಟಬಹುದು. ಮುಂದೆ ಹೇಳುವುದು ಎರಡಕ್ಕೂ ಸಲ್ಲುತ್ತದೆ.

ಪೂರ್ತಿ ರೈಲು 1:72ರಲ್ಲೂ ಮೀಟರು ದಾಟುತ್ತದೆ. ಒಮ್ಮೆಗೇ ಎಲ್ಲಕ್ಕೂ ಕೈ ಹಾಕದೆ ಎಂಜಿನ್, ಎರಡು ಪಿಎಲ್-43, ಒಂದು ಬೋಳು ಬಂಡಿ ಇಷ್ಟನ್ನು ಮೊದಲು ಮುಗಿಸಿ. ಕಲ್ಲಿದ್ದಲು, ನೀರು ಹೊರುವ ಟೆಂಡರ್ ಬಂಡಿ ಸೇರಿ ಎಂಜಿನ್ ಹತ್ತಿರ ಹತ್ತಿರ ಒಂದು ಗೇಣು, ಬಂಡಿ ಒಂದೊಂದೂ 13 ಸೆಂ.ಮೀ. ಆಸುಪಾಸು. 70 ಸೆಂ.ಮೀ. ಉದ್ದದ ಹಲಗೆ ಸಾಕು.

ಇನ್ನು ಹಳಿ. ರಷ್ಯದ ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಂತರ, ಆಗ 1524 ಮಿ.ಮೀ. 72ರಿಂದ ಭಾಗಿಸಿದರೆ 21.2 ಮಿ.ಮೀ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುವ, 1:87 ಅಳತೆಯ ಮಾದರಿ ರೈಲುಗಳ ಎಚ್‌ಒ ಹಳಿಯ ಗೇಜ್ 16.5. ನಾಲ್ಕೂವರೆ ಮಿಲಿಮೀಟರ್ ತಾನೇ ಎಂದು ಬಿಟ್ಟರೆ ನಿಜದ ಲೆಕ್ಕದಲ್ಲಿ ಒಂದಡಿಗೂ ಹೆಚ್ಚು ತಪ್ಪುತ್ತದೆ. ರೈಲು ಕಿರಿದಾದ ಕಾಲಿನ ಮೇಲೆ ನಿಂತ ಬೀರುವಿನಂತೆ ಕಾಣುತ್ತದೆ. ಹಳಿಯನ್ನು ನೀವೇ ಹಾಕಬೇಕು, ಬೇರೆ ದಾರಿಯಿಲ್ಲ.

ಕಂಬಿಯ ಎತ್ತರದಲ್ಲೂ ಇದೇ ಮೋಸ. ಆ ಕಾಲದ ಸೋವಿಯತ್ 3ಎ ಬಗೆಯ ಕಂಬಿ 128 ಮಿ.ಮೀ. ಎತ್ತರ, 2ಎ ಬಗೆಯದು 135. ಮಾದರಿ ಹಳಿಗಳಲ್ಲಿ ಕೋಡ್ 70 ಎಂದರೆ 1.78 ಮಿ.ಮೀ., ಅಂದರೆ 3ಎಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೋಡ್ 75 ಆದರೆ 1.9, ಅದು 2ಎಗೆ ಸರಿ. ಅಗ್ಗವೆಂದು ಕೋಡ್ 100 ತಂದರೆ ಕಂಬಿ 183 ಮಿ.ಮೀ. ಎತ್ತರದ್ದಾಗಿಬಿಡುತ್ತದೆ, ಅಂಥ ದೈತ್ಯ ಕಂಬಿ ಆ ಹಳಿಗಳಲ್ಲಿ ಇರಲೇ ಇಲ್ಲ.

ನಮ್ಮ ಕಡೆಯವರು ಇನ್ನೊಂದು ತಪ್ಪು ಮಾಡುತ್ತಾರೆ. ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ನಿಂತು ಫೋಟೋ ತೆಗೆದು ಅದನ್ನೇ ನಕಲು ಮಾಡುವುದು. ಆ ದಾರಿ ಮೀಟರ್ ಗೇಜ್ ಇದ್ದದ್ದು ಈಗ 1676 ಮಿ.ಮೀ. ಬ್ರಾಡ್ ಗೇಜ್ ಆಗಿದೆ. ಸ್ಲೀಪರ್ ಕಾಂಕ್ರೀಟಿನದು, ಕಂಬಿ ಹಿಡಿದಿರುವುದು ಸ್ಪ್ರಿಂಗ್ ಕ್ಲಿಪ್ಪು. 1943ರ ರಷ್ಯದಲ್ಲಿ ಮರದ ಸ್ಲೀಪರ್, ಮೊಳೆ ಹೊಡೆದ ಕಂಬಿ. ಬಂಡಿಯ ಅಡಿಭಾಗ, ಬಫರ್, ಸ್ಪ್ರಿಂಗ್ ಪಟ್ಟಿ, ರಿವೆಟ್ಟು, ಇವು ಹೇಗೆ ಒಂದಕ್ಕೊಂದು ಕೂರುತ್ತವೆ ಎಂದು ಕಣ್ಣಾರೆ ನೋಡಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಂ ಒಳ್ಳೆಯ ಜಾಗ. ಒಂದು ದಿನ ಪೂರ್ತಿ ಅಲ್ಲಿ ಬಗ್ಗಿ ಬಗ್ಗಿ ನೋಡಿದ್ದು ಹತ್ತು ನಕ್ಷೆಗೆ ಸಮ.

ಸ್ಲೀಪರಿಗೆ ಐಸ್‌ಕ್ರೀಂ ಕಡ್ಡಿ. ದಪ್ಪ 2 ಮಿ.ಮೀ., ಅಂದರೆ ನಿಜದ 15 ಸೆಂ.ಮೀ.ಗೆ ಹತ್ತಿರ. ಅಗಲ 10 ಮಿ.ಮೀ., ಅದನ್ನು ಉದ್ದಕ್ಕೆ ಸೀಳಿ ಮೂರೂವರೆ ಮಿ.ಮೀ. ಅಗಲದ ಎರಡು ಪಟ್ಟಿ ತೆಗೆಯಿರಿ. ಸ್ಲೀಪರಿನ ಉದ್ದ 2.7 ಮೀಟರ್, ನಮ್ಮ ಅಳತೆಯಲ್ಲಿ 37.5 ಮಿ.ಮೀ. 114 ಮಿ.ಮೀ. ಕಡ್ಡಿಯಲ್ಲಿ ಇಂಥವು ಮೂರು. ತುದಿಯ ದುಂಡನ್ನು ಅರದಿಂದ ಚೌಕ ಮಾಡಲು ಹೆಚ್ಚು ಉಳಿಯುವುದಿಲ್ಲ. ಆ ದುಂಡು ಬರುವುದು ಹೊರಗಿನ ಅಂಚಿನಲ್ಲಿ, ಜಲ್ಲಿಯಡಿ ಮುಚ್ಚಿಹೋಗುತ್ತದೆ. ಒಂದು ಕಡ್ಡಿಗೆ ಆರು ಸ್ಲೀಪರ್. ಕಿಲೋಮೀಟರಿಗೆ 1600ರ ಲೆಕ್ಕ ಹಿಡಿದರೆ ನಡುವಿನಿಂದ ನಡುವಿಗೆ 8.7 ಮಿ.ಮೀ.; 70 ಸೆಂ.ಮೀ.ಗೆ 80 ಸ್ಲೀಪರ್ ಬೇಕು, 14 ಕಡ್ಡಿ. ಸೀಳುವಾಗ ಹಾಳಾಗುವುದಕ್ಕೆ ಸೇರಿಸಿ 20 ತನ್ನಿ. ಮಲೆನಾಡಿನವರಿಗೆ ಅಡಿಕೆ ಮರ ಸೀಳಿದ ದಬ್ಬೆ ಕೈಗೆ ಹತ್ತಿರ, ಅದನ್ನೇ ಸೀಳುವ ಆಸೆ ಬರುತ್ತದೆ. ಬೇಡ. ಅದರ ನಾರು ಒರಟು, 1:72ರಲ್ಲಿ ಸ್ಲೀಪರಿನ ಮೇಲೆ ಹಗ್ಗ ಸುತ್ತಿದಂತೆ ಕಾಣುತ್ತದೆ.

ದಬ್ಬೆ ಬೇಡವಾದರೂ ಅಡಿಕೆ ಇನ್ನೊಂದು ದಾರಿಯಲ್ಲಿ ಕೆಲಸಕ್ಕೆ ಬರುತ್ತದೆ, ಅದು ಅಡಿಕೆ ಬೇಯಿಸಿ ಉಳಿದ ಒಗರು ನೀರಾದ ಚೊಗರಿನ ರೂಪದಲ್ಲಿ. ಸ್ಲೀಪರಿಗೆ ಬಣ್ಣ ಬಳಿದರೆ ಮರದ ಗೆರೆ ಮುಚ್ಚಿಹೋಗುತ್ತದೆ. ಬಣ್ಣ ಮರದ ಒಳಗೇ ಹುಟ್ಟಬೇಕು. ಕಬ್ಬಿಣ ಮತ್ತು ಒಗರು ಸೇರಿದರೆ ಕಪ್ಪಾಗುತ್ತದೆ ಎನ್ನುವುದು ಅಣಲೆಕಾಯಿಯಿಂದ ಶಾಯಿ ಮಾಡಿಕೊಂಡ ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಒಂದು ಸಣ್ಣ ಬಾಟಲಿಯಲ್ಲಿ 100 ಮಿ.ಲೀ. ಬಿಳಿ ವಿನೆಗರ್ ಹಾಕಿ ಅದಕ್ಕೆ ಹತ್ತಿಯಂತಿರುವ ಸ್ಟೀಲ್ ವುಲ್ ಒಂದು ಚಿಟಿಕೆ, ಇಲ್ಲವೇ ನಾಲ್ಕು ತುಕ್ಕು ಮೊಳೆ ಬಿಡಿ. ಪಾತ್ರೆ ಉಜ್ಜುವ ಹೊಳೆಯುವ ಸುರುಳಿ ಸ್ಟೇನ್‌ಲೆಸ್, ಅದು ತಿಂಗಳಿಟ್ಟರೂ ಕರಗದು. ಮುಚ್ಚಳ ಬಿಗಿಯಬೇಡಿ, ಒಳಗೆ ಅನಿಲ ಏಳುತ್ತದೆ. ಮೂರು ದಿನಕ್ಕೆ ನೀರು ತಿಳಿ ಕಂದಾಗುತ್ತದೆ. ಇತ್ತ ಕಡ್ಡಿಗಳಿಗೆ ನೀರು ಬೆರೆಸಿದ ಚೊಗರು ಸವರಿ ಒಣಗಿಸಿ. ಆಮೇಲೆ ಆ ಕಬ್ಬಿಣದ ನೀರನ್ನು ಕುಂಚದಿಂದ ಹಚ್ಚಿ ಸುಮ್ಮನೆ ನೋಡುತ್ತಿರಿ. ಕೆಂಗಂದು ಬಣ್ಣ ಮೊದಲು ಮಂಕಾಗುತ್ತದೆ, ಆಮೇಲೆ ಗೆರೆಗಳ ಒಳಗಿನಿಂದ ಬೂದು ಎದ್ದು ಬರುತ್ತದೆ, ಹತ್ತು ನಿಮಿಷದಲ್ಲಿ ಎಣ್ಣೆ ಕುಡಿದು ಬಿಸಿಲಿಗೆ ಬಿದ್ದ ಹಳೆ ಮರದ ಕಪ್ಪು ನಿಲ್ಲುತ್ತದೆ. ಒಂದು ಕಡ್ಡಿಯಂತೆ ಇನ್ನೊಂದು ಇರುವುದಿಲ್ಲ, ಬೇಕಾದದ್ದೂ ಅದೇ. ಚೊಗರು ಸಿಗದ ಕಾಲದಲ್ಲಿ ಗಟ್ಟಿ ಚಹಾ ಡಿಕಾಕ್ಷನ್ ಆಗಬಹುದು, ಬಣ್ಣ ಸ್ವಲ್ಪ ತೆಳು.

ಹಲಗೆ 12 ಮಿ.ಮೀ.ನ, ನೀರು ತಾಳುವ ಬಿಡಬ್ಲ್ಯೂಪಿ ಪ್ಲೈವುಡ್ ಆಗಲಿ. ಎಂಡಿಎಫ್ ನಮ್ಮ ಮಳೆಗಾಲಕ್ಕೆ ಅಂಚಿನಿಂದ ಅವಲಕ್ಕಿಯ ಹಾಗೆ ಉಬ್ಬುತ್ತದೆ. ಪ್ಲೈಯನ್ನೂ ಮೇಲೆ, ಕೆಳಗೆ, ನಾಲ್ಕು ಅಂಚಿಗೆ ಒಂದೇ ಸಮ ವಾರ್ನಿಷ್ ಮಾಡಬೇಕು. ಮೇಲೆ ಮಾತ್ರ ಮಾಡಿ ಕೆಳಗೆ ಬಿಟ್ಟರೆ ಕೆಳಮೈ ತೇವ ಕುಡಿದು ಹಿಗ್ಗಿ ಹಲಗೆ ಡೊಂಕಾಗುತ್ತದೆ, ಕಂಬಿಯ ಅಂಟು ಪಟಪಟ ಬಿಡುತ್ತದೆ.

ಸ್ಲೀಪರ್ ಅಂಟಿಸಿ, ಮೇಲ್ಮೈಗೆ ಒಂದು ಸಲ ಉಪ್ಪುಕಾಗದ ಸುತ್ತಿದ ಪಟ್ಟಿ ಎಳೆದು ಸಮ ಮಾಡಿ, ಒಂದು ಕಂಬಿಯನ್ನು ಮೊದಲು ನೇರವಾಗಿ ಕೂರಿಸಿ. ಎರಡನೆಯದಕ್ಕೆ 21.2 ಮಿ.ಮೀ. ಅಗಲದ ಹಿತ್ತಾಳೆ ತುಂಡು ಮೂರು ಕತ್ತರಿಸಿಕೊಂಡು ನಡುವೆ ಇಟ್ಟು ಅಂಟಿಸುತ್ತ ಹೋಗಿ. ಪ್ರತಿ ಐದನೇ ಸ್ಲೀಪರಿಗೆ ಒಂದು ಹನಿ ಫೆವಿಕ್ವಿಕ್ ಸಾಕು. ಸೋವಿಯತ್ ಕಂಬಿಯ ಉದ್ದ 12.5 ಮೀಟರ್, ಆದ್ದರಿಂದ 173.6 ಮಿ.ಮೀ.ಗೊಮ್ಮೆ ತೆಳು ಗರಗಸದಿಂದ ಕಂಬಿಯ ತಲೆಯ ಮೇಲೆ ಗೀರಿ, ಪಕ್ಕಕ್ಕೆ ಎರಡು ಕಂಬಿಗಳನ್ನು ಸೇರಿಸುವ ಜೋಡುಪಟ್ಟಿ ಅಂಟಿಸಿ. ಇಷ್ಟು ಸಣ್ಣ ಕೆಲಸದಿಂದ ಹಳಿಗೆ ಒಂದು ಲಯ ಬರುತ್ತದೆ.

ಜಲ್ಲಿಗೆ ಎಂ-ಸ್ಯಾಂಡ್ ಜರಡಿ ಹಿಡಿಯಿರಿ. 5 ಸೆಂ.ಮೀ. ಜಲ್ಲಿ 1:72ರಲ್ಲಿ 0.7 ಮಿ.ಮೀ. ಟೀ ಸೋಸುವ ಜಾಲರಿಯಲ್ಲಿ ನಿಂತದ್ದು ದಪ್ಪ, ಇಳಿದದ್ದನ್ನು ಬಟ್ಟೆಯಲ್ಲಿ ಜಾಡಿಸಿ ಧೂಳು ತೆಗೆದರೆ ಉಳಿದದ್ದು ಸರಿಯಾದ ಗಾತ್ರ. ತುಂಗೆಯ ಮರಳು ಚೆಂದವೇ, ಆದರೆ ಅದರ ಕಾಳು ದುಂಡು, ನಡುನಡುವೆ ಅಭ್ರಕ ಮಿಂಚುತ್ತದೆ. ಆ ಒಂದು ಮಿಂಚು 1:72ರಲ್ಲಿ ಗಾಜಿನ ಹೆಂಚಿನಷ್ಟು ದೊಡ್ಡದು. ಫೆವಿಕಾಲಿಗೆ ಅಷ್ಟೇ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಮೊದಲು ಜಲ್ಲಿಗೆ ಸೋಪುನೀರು ಸಿಂಪಡಿಸಿ ಆಮೇಲೆ ಡ್ರಾಪರಿನಿಂದ ಈ ಅಂಟು ಬಿಡಬೇಕು. ಸೋಪಿಲ್ಲದಿದ್ದರೆ ಹನಿ ಉಂಡೆಯಾಗಿ ನಿಂತು ಜಲ್ಲಿಯನ್ನು ತಳ್ಳಿ ಗುಳಿ ಮಾಡುತ್ತದೆ. ಈ ಕೆಲಸ ಮಾತ್ರ ಆರಿದ್ರಾ ಮಳೆಗೆ ಮುಂಚೆ ಮುಗಿಯಲಿ. ಪುನರ್ವಸು, ಪುಷ್ಯದಲ್ಲಿ ಮಾಡಿದರೆ ಅಂಟು ಒಣಗುವುದಕ್ಕೂ ಮೊದಲು ಬೂಸು ಬರುತ್ತದೆ.

ಹಳಿ ಒಣಗಿತು. ಈಗ ಬಂಡಿ.

ಆ ಕಾಲದ ಗೂಡ್ಸ್ ಚಕ್ರದ ವ್ಯಾಸ 1050 ಮಿ.ಮೀ., ನಮಗೆ 14.6. ಚಕ್ರದ ಒಳಮುಖದಿಂದ ಒಳಮುಖಕ್ಕೆ 1440, ನಮಗೆ ಸರಿಯಾಗಿ 20. ಕಿಟ್ಟಿನ ಚಕ್ರ ಇಲ್ಲದವರು ಲೇತ್ ಅಂಗಡಿಯಲ್ಲಿ ಅಲ್ಯುಮಿನಿಯಂ ಸರಳು ಕೊಟ್ಟು ತಿರುಗಿಸಿಕೊಳ್ಳಬಹುದು: ಹಳಿಯ ಮೇಲೆ ಓಡುವ ಭಾಗ 14.6, ಅಂಚಿನ ಚಾಚು ಸೇರಿ 15.4, ದಪ್ಪ 1.8. ಮೂರು ಬಂಡಿಗೆ ಹನ್ನೆರಡು ಬೇಕು, ಹದಿನಾಲ್ಕು ಮಾಡಿಸಿ. ಒಂದೆರಡು ಓಲಾಡುವುದು ಇದ್ದದ್ದೇ.

ನಾಲ್ಕು ಚಕ್ರದ ಬಂಡಿಯ ದೊಡ್ಡ ಕಷ್ಟ ಎಂದರೆ ಒಂದು ಚಕ್ರ ಯಾವಾಗಲೂ ಗಾಳಿಯಲ್ಲಿರುವುದು. ಮೂರು ಕಾಲು ನೆಲಕ್ಕೆ ತಾಗಿದ ಮಣೆಯ ಹಾಗೆ. ಹತ್ತಾರು ಟನ್ನಿನ ವಸ್ತು ಎಂದು ನಂಬಿಸಬೇಕಾದ ಬಂಡಿಯಡಿ ಕಾಗದದಷ್ಟು ಬೆಳಕು ಕಂಡರೂ ನಂಬಿಕೆ ಹೋಯಿತು. ಒಂದು ಅಚ್ಚನ್ನು ಗಟ್ಟಿಯಾಗಿ ಕೂರಿಸಿ, ಇನ್ನೊಂದನ್ನು ನಡುವೆ ಒಂದೇ ಪಿನ್ನಿನ ಮೇಲೆ ತಕ್ಕಡಿಯ ಹಾಗೆ ತೂಗಲು ಬಿಡಿ. ಬಂಡಿಯನ್ನು ನಿಮ್ಮ ಹಳಿಯ ಮೇಲೇ ನಿಲ್ಲಿಸಿ, ನಾಲ್ಕೂ ಕೂತವು ಎಂದು ಕಂಡ ಮೇಲೆ ತೂಗುವ ಅಚ್ಚಿಗೂ ಅಂಟು ಬಿಡಿ. ಹಳಿ ಮೊದಲು ಎಂದದ್ದು ಇಲ್ಲಿ ಕೈಗೂಡುತ್ತದೆ: ನಿಲ್ಲಿಸಿ ನೋಡಲು ಹಳಿಯೇ ಇಲ್ಲದಿದ್ದರೆ ಯಾವ ಚಕ್ರ ಎದ್ದಿದೆ ಎಂದು ತಿಳಿಯುವುದು ಎಲ್ಲ ಬಣ್ಣ ಮುಗಿದ ಮೇಲೆ.

ಇನ್ನು ಸ್ಪ್ರಿಂಗ್. ಕಿಟ್ಟುಗಳಲ್ಲಿ ಪಟ್ಟಿ ಸ್ಪ್ರಿಂಗನ್ನು ಖಾಲಿ ಬಂಡಿಯ ಹಾಗೆ ಬಿಲ್ಲಿನಂತೆ ಬಗ್ಗಿಸಿ ಎರಕ ಹೊಯ್ದಿರುತ್ತಾರೆ. ಉಕ್ಕಿನ ಪೆಟ್ಟಿಗೆ, ಟರೆಟ್, ಗುಂಡಿನ ರಾಶಿ ಎಲ್ಲ ಹೊತ್ತ ಬಂಡಿಯ ಸ್ಪ್ರಿಂಗ್ ಹೆಚ್ಚುಕಡಿಮೆ ನೇರವಾಗಿರುತ್ತದೆ. ಹಳೆಯ ಪಟ್ಟಿಯನ್ನು ಕೆತ್ತಿ ತೆಗೆದು 0.25 ಮಿ.ಮೀ. ಪ್ಲಾಸ್ಟಿಕ್ ಶೀಟಿನ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಹೊಸದು ಮಾಡಿ. ಬಂಡಿಯ ಚೌಕಟ್ಟನ್ನು ಅರ್ಧ ಮಿಲಿಮೀಟರ್ ಇಳಿಸಿ. ನಿಜದ ಲೆಕ್ಕದಲ್ಲಿ ಮೂರೂವರೆ ಸೆಂಟಿಮೀಟರ್. ನೋಡುವವರಿಗೆ ಏನು ಬದಲಾಯಿತೆಂದು ಹೇಳಲು ಬಾರದು, ಆದರೆ ಬಂಡಿ ದಿಢೀರನೆ ಭಾರವಾಗುತ್ತದೆ. ಬೋಳು ಬಂಡಿಯನ್ನು ಮಾತ್ರ ಇಳಿಸಬೇಡಿ, ಅದರ ಮೇಲಿನ ಹೊರೆ ಕಡಿಮೆ. ಪಕ್ಕಪಕ್ಕದಲ್ಲಿ ನಿಂತಾಗ ಬಫರ್‌ಗಳ ಎತ್ತರದಲ್ಲಿ ಕಾಣುವ ಆ ಸಣ್ಣ ಏರುಪೇರೇ ತೂಕದ ಸಾಕ್ಷಿ. ಆ ಕಾಲಕ್ಕೆ ಸೋವಿಯತ್ ರೈಲ್ವೆ ಬಂಡಿಗಳನ್ನು ಒಂದಕ್ಕೊಂದು ಜೋಡಿಸುವ ಹಳೆ ಸ್ಕ್ರೂ ಕಪ್ಲಿಂಗಿನಿಂದ ಎಸ್‌ಎ-3 ಎಂಬ ಸ್ವಯಂಚಾಲಿತ ಕಪ್ಲಿಂಗಿಗೆ ಬದಲಾಗುತ್ತಿತ್ತು, ಹೀಗಾಗಿ ಒಂದೇ ಬಂಡಿಯಲ್ಲಿ ಬಫರ್ ಮತ್ತು ಎಸ್‌ಎ-3 ಎರಡೂ ಇರುವುದು ತಪ್ಪಲ್ಲ. ಯಾವ ಫೋಟೋ ಹಿಡಿದು ಕಟ್ಟುತ್ತೀರೋ ಅದನ್ನು ಅನುಸರಿಸಿ.

ಒಳಗೆ ನಿಜವಾದ ತೂಕವನ್ನೂ ಇಡಬೇಕು, ಬಂಡಿಗೆ 40 ಗ್ರಾಂ ಆದರೂ. ಮೀನಿನ ಬಲೆಯ ಸೀಸದ ಗುಂಡನ್ನು ಫೆವಿಕಾಲ್ ಸುರಿದು ಕೂರಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಫೆವಿಕಾಲಿನಂಥ ಬಿಳಿ ಅಂಟಿನಿಂದ ಬಿಡುಗಡೆಯಾಗುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನಕ್ಕೆ ಬಿಳಿ ಪುಡಿ ಮಾಡುತ್ತದೆ, ಪುಡಿ ಹಿಗ್ಗುತ್ತದೆ, ಒಂದೆರಡು ವರ್ಷದಲ್ಲಿ ಬಂಡಿಯ ಪಕ್ಕ ಬಿರಿಯುತ್ತದೆ. ತೇವದ ಊರಲ್ಲಿ ಇನ್ನೂ ಬೇಗ. ಕಬ್ಬಿಣದ ನಟ್ಟುಗಳನ್ನು ಅರಾಲ್ಡೈಟಿನಲ್ಲಿ ಮುಳುಗಿಸಿ ಕೂರಿಸಿ, ನಿಶ್ಚಿಂತೆ.

ಪೆಟ್ಟಿಗೆಗೆ ಒಳಗೆ 1 ಮಿ.ಮೀ. ಶೀಟಿನ ಹಂದರ, ಹೊರಗೆ 0.5 ಮಿ.ಮೀ. ಹೊದಿಕೆ. ಟಿ-34ರ ಪಕ್ಕದ ಉಕ್ಕಿನ ದಪ್ಪ 45 ಮಿ.ಮೀ., 1:72ರಲ್ಲಿ 0.62, ಬಾಗಿಲು, ಕಿಂಡಿಗಳ ಅಂಚು ಕಾಣುವಲ್ಲಿ ಇದನ್ನೇ ಅಳತೆಗೋಲು ಮಾಡಿಕೊಳ್ಳಿ. ಒಳಗೆ 25 ಮಿ.ಮೀ.ಗೊಂದು ಅಡ್ಡಗೋಡೆ ಇರಲಿ. ತಳದಲ್ಲಿ 3 ಮಿ.ಮೀ. ರಂಧ್ರ ಒಂದು ಬಿಡಲೇಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಟಿನ ಆವಿ ಸಿಕ್ಕಿಕೊಂಡರೆ ವಾರಗಟ್ಟಲೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತಲೇ ಇರುತ್ತದೆ. ಬಣ್ಣವಾದ ಮೇಲೆ ಪಕ್ಕಗಳು ಒಳಕ್ಕೆ ಕುಸಿದು, ಹಸಿದ ಎತ್ತಿನ ಪಕ್ಕೆಯ ಹಾಗೆ ಅಡ್ಡಗೋಡೆಗಳ ಗೆರೆ ಎದ್ದು ಕಾಣುತ್ತದೆ. ಪೈಪಿಗೆ ಹಚ್ಚುವ ಪಿವಿಸಿ ಸೊಲ್ಯೂಷನ್ ಕಿಟ್ಟಿನ ಪ್ಲಾಸ್ಟಿಕ್ಕಿಗೆ ಬಲು ಖಾರ, ತೆಳು ಶೀಟನ್ನು ಸುಕ್ಕಾಗಿಸುತ್ತದೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಕೂಡ ಹಾಗೆಯೇ. ಮಾದರಿಗಾರರ ತೆಳು ಅಂಟಿಗೆ ಕೊಡುವ ದುಡ್ಡು ದಂಡವಲ್ಲ.

ಬೆಸುಗೆಯ ಗೆರೆ ಹಾಕುವುದು ಇಡೀ ಕೆಲಸದಲ್ಲಿ ಅತ್ಯಂತ ಸುಖದ ಭಾಗ. ಕಿಟ್ಟಿನ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯಿಂದ ಎರಡು ಬೆರಳು ಮೇಲೆ ಹಿಡಿದು ತಿರುಗಿಸಿ. ಹೊಳಪು ಬಂದು ಬಳುಕಿದಾಗ ಜ್ವಾಲೆಯಿಂದ ಆಚೆ ತಂದು ಎಳೆಯಿರಿ. ಬೇಗ ಎಳೆದರೆ ಕೂದಲು, ನಿಧಾನಕ್ಕೆ ಎಳೆದರೆ ದಾರ. ನಮಗೆ ಬೇಕಾದದ್ದು 0.2 ಮಿ.ಮೀ. ಎರಡು ಹಲಗೆ ಸೇರುವ ಮೂಲೆಯಲ್ಲಿ ಅದನ್ನು ಇಟ್ಟು ಅಂಟು ಸವರಿ, ಐದು ನಿಮಿಷ ಬಿಟ್ಟು ಮತ್ತೆ ಸವರಿ. ಎಳೆ ಬೆಣ್ಣೆಯಂತಾದಾಗ ಮೊಂಡು ಬ್ಲೇಡಿನ ತುದಿಯಿಂದ ಒತ್ತೊತ್ತಾಗಿ ಗುರುತು ಒತ್ತುತ್ತ ಹೋಗಿ. ಎಲ್ಲವೂ ಒಂದೇ ಸಮ ಬರಬಾರದು. ಯುದ್ಧದ ಅವಸರದಲ್ಲಿ ಕೈಯಿಂದ ಹಾಕಿದ ಬೆಸುಗೆ ಅದು. ಅಲ್ಲಲ್ಲಿ ಗಂಟು ಕಟ್ಟಿರಬೇಕು, ಅಲ್ಲಲ್ಲಿ ತೆಳುವಾಗಿರಬೇಕು.

ಟರೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಿಟ್ಟೇ ಬಹುಪಾಲು ಕೆಲಸ ಮಾಡಿರುತ್ತದೆ. ಟಿ-34ರ ಟರೆಟ್ ಉಂಗುರ 1420 ಮಿ.ಮೀ., ರಂಧ್ರ 19.7 ಬರಬೇಕು, ನಿಮ್ಮ ಕಿಟ್ಟಿನ ಉಂಗುರ ಅಳೆದೇ ಕೊರೆಯಿರಿ. ತೋಪಿನ ಬಾಯಿ 76.2 ಮಿ.ಮೀ., ಅಂದರೆ 1 ಮಿ.ಮೀ. ಡ್ರಿಲ್ ಬಿಟ್. ನಡುವಿಗೆ ಸೂಜಿಯಿಂದ ಗುರುತು ಚುಚ್ಚಿಕೊಳ್ಳದೆ ಕೊರೆದರೆ ಬಾಯಿ ಸೊಟ್ಟಗಾಗುತ್ತದೆ. ಸೊಟ್ಟಬಾಯಿಯ ತೋಪನ್ನು ಯಾವ ಬಣ್ಣವೂ ಮುಚ್ಚದು.

ಎಂಜಿನ್ ರಷ್ಯದ ‘ಒ’ ಸರಣಿಯದು, ನಾಲ್ಕು ಅಚ್ಚು, ಎಂಟೂ ಚಕ್ರ ಎಳೆಯುವಂಥವು. ಅಲ್ಲಿಯವರು ಪ್ರೀತಿಯಿಂದ ಇದನ್ನು ‘ಕುರಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಎತ್ತರ ಕಡಿಮೆ, ಅಚ್ಚಿನ ಮೇಲಿನ ಭಾರ ಕಡಿಮೆ. ಮೇಲೆ ಉಕ್ಕು ಹೇರಲು ಅವಕಾಶ ಉಳಿದದ್ದು ಅದರಿಂದಲೇ. ಬಾಯ್ಲರ್ ಕವಚದೊಳಗೆ ಹೋಗುವುದರಿಂದ ಅದರ ಮೇಲಿನ ಪೈಪುಗಳಿಗೆ ತಿಂಗಳುಗಟ್ಟಲೆ ಕೂರಬೇಕಾಗಿಲ್ಲ. ಕಾಣುವುದು ಕೆಳಗಿನ ಚಕ್ರ ಮತ್ತು ಅವನ್ನು ಜೋಡಿಸುವ ದಂಡ. ಇಲ್ಲಿ ತಪ್ಪುವವರೇ ಹೆಚ್ಚು. ಎಡಗಡೆಯ ದಂಡ ಮತ್ತು ಬಲಗಡೆಯ ದಂಡ ಒಂದೇ ಸ್ಥಾನದಲ್ಲಿ ಇರಬಾರದು, ಒಂದಕ್ಕೊಂದು ಕಾಲು ಸುತ್ತು, 90 ಡಿಗ್ರಿ ಅಂತರವಿರಬೇಕು. ಎರಡೂ ಒಂದೇ ಸಲ ತುದಿಗೆ ಬಂದು ನಿಂತರೆ ಎಂಜಿನ್ ಹೊರಡಲಾರದು ಎನ್ನುವುದಕ್ಕಾಗಿ ಮಾಡಿದ ವ್ಯವಸ್ಥೆ ಇದು. ಬಲದ ದಂಡ ಕೆಳಗಿದ್ದರೆ ಎಡದ್ದು ಅಡ್ಡಕ್ಕೆ. ಚಕ್ರದೊಳಗಿನ ತೂಕದ ಅರ್ಧಚಂದ್ರ ದಂಡದ ಗುಬ್ಬಿಗೆ ಎದುರು ದಿಕ್ಕಿನಲ್ಲಿ.

ಹಿಡಿಕೆ, ಮೆಟ್ಟಿಲು, ತಂತಿಗಳಿಗೆ ಮಲೆನಾಡಿನ ಯಾವ ಪೇಟೆಯಲ್ಲಾದರೂ ಸಿಗುವ ಖಜಾನೆ ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಇರುವಲ್ಲೆಲ್ಲ ಅವು ಇವೆ. 20 ಮಿ.ಮೀ. ಸರಳಿನ ಹಿಡಿಕೆಗೆ 32 ಗೇಜ್ ತಾಮ್ರದ ತಂತಿ, 0.27 ಮಿ.ಮೀ.; ಸ್ವಲ್ಪ ದಪ್ಪದ್ದಕ್ಕೆ 30 ಗೇಜ್, 0.31, ಪೈಪಿಗೆ 25 ಗೇಜ್, 0.5. ಸುರುಳಿಯಿಂದ ಬಿಚ್ಚಿದ ತಂತಿ ಅಂಕುಡೊಂಕು. ಒಂದು ತುದಿ ವೈಸಿನಲ್ಲಿ ಕಚ್ಚಿಸಿ ಇನ್ನೊಂದನ್ನು ಇಕ್ಕುಳದಲ್ಲಿ ಹಿಡಿದು ಎಳೆಯಿರಿ. ‘ಸುಯ್’ ಎಂದು ಒಂದಿಷ್ಟು ಹಿಗ್ಗಿದ್ದು ಕೈಗೆ ತಿಳಿಯುತ್ತದೆ. ಆಗ ಅದು ಬಾಣದಂತೆ ನೇರ, ಮೊದಲಿಗಿಂತ ಗಟ್ಟಿ. ಮೆಷಿನ್‌ಗನ್ನಿನ ನಳಿಗೆಗೆ ಮೆಡಿಕಲ್ ಶಾಪಿನ 26 ಗೇಜ್ ಸೂಜಿ, ಹೊರವ್ಯಾಸ 0.46. ಒಳಗೆ ರಂಧ್ರ ದೇವರೇ ಕೊಟ್ಟ ಹಾಗೆ ಇರುತ್ತದೆ. ಕತ್ತರಿಯಿಂದ ತುಂಡು ಮಾಡಿದರೆ ಬಾಯಿ ಚಪ್ಪಟೆಯಾಗುತ್ತದೆ, ಅರದ ಅಂಚಿನಿಂದ ಸುತ್ತ ಗೀರಿ ಮುರಿಯಬೇಕು.

ಇನ್ನು ಬಣ್ಣ, ಅಂದರೆ ಇಲ್ಲಿ ಮಳೆಯ ಜೊತೆಗಿನ ಮಾತುಕತೆ. ಸೋವಿಯತ್ ಯುದ್ಧವಾಹನಗಳ 4ಬಿಒ ಎಂಬ ಹಸಿರು ಮೂಲ. 1:72ರ ವಸ್ತುವಿಗೆ ಅದನ್ನು ಹಾಗೇ ಹೊಡೆದರೆ ಕಪ್ಪಾಗಿ ಕಾಣುತ್ತದೆ, ಹತ್ತು ಪಾಲಿಗೆ ಒಂದೂವರೆ ಪಾಲು ತಿಳಿ ಬಣ್ಣ ಬೆರೆಸಿ. ಲ್ಯಾಕರ್ ಬಣ್ಣವನ್ನು ಜಡಿಮಳೆಯ ದಿನ ಏರ್‌ಬ್ರಷ್ಷಿನಲ್ಲಿ ಹೊಡೆದರೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ ಕಟ್ಟುತ್ತದೆ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಬ್ಬನಿಯಾಗಿ ಕೂರುವುದರಿಂದ ಹೀಗೆ. ಗೋಡೆಗೆ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಒಂದು ಹಾಕಿ. 75 ಶೇಕಡಾ ಮೀರಿದ ದಿನ ಲ್ಯಾಕರ್ ಮುಟ್ಟದೆ ತಂತಿ ಬಗ್ಗಿಸುವ ಕೆಲಸ ಮಾಡಿ. ಕಂಪ್ರೆಸರಿನ ಕೊಳವೆಯಲ್ಲಿ ನೀರು ಹಿಡಿಯುವ ಟ್ರ್ಯಾಪ್ ಇಲ್ಲದೆ ನಮ್ಮಲ್ಲಿ ಏರ್‌ಬ್ರಷ್ ಆಗದ ಮಾತು. ಆಟೋ ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಕುಂಚ ತೊಳೆಯಲು ಮಾತ್ರ, ಪ್ಲಾಸ್ಟಿಕ್ ಮೇಲೆ ಬಿದ್ದರೆ ತಿನ್ನುತ್ತದೆ. ಬೇಗ ಒಣಗಲೆಂದು ಮಾದರಿಯನ್ನು ಬಚ್ಚಲ ಒಲೆಯ ಪಕ್ಕ ಇಡುವ ಅಭ್ಯಾಸವೂ ಬೇಡ; ಕಂಬಳಿ ತಾಳುವ ಶಾಖವನ್ನು ಪಾಲಿಸ್ಟೈರೀನ್ ತಾಳುವುದಿಲ್ಲ, ಸಂಜೆಗೆ ಇಟ್ಟ ನೇರ ಬಂಡಿ ಬೆಳಿಗ್ಗೆ ದೋಣಿಯಾಗಿರುತ್ತದೆ. ಬಂಡಿಯ ಮೇಲೆ ಅಂಟಿಸುವ ಅಂಕಿ, ಗುರುತುಗಳ ಡೆಕಾಲ್ ಹಾಳೆಗಳನ್ನು ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಜೆಲ್ ಬಣ್ಣ ಬದಲಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು.

ಹಳೆಯದಾಗಿಸುವ ಹಂತದಲ್ಲಿ ಮಲೆನಾಡಿನ ಕಣ್ಣು ನಮಗೇ ಮೋಸ ಮಾಡುತ್ತದೆ. ಇಲ್ಲಿ ಒಂದು ಮಳೆಗಾಲ ಹೊರಗಿಟ್ಟ ಕಬ್ಬಿಣಕ್ಕೆ ಪಾಚಿ ಹತ್ತುತ್ತದೆ, ಎರಡಕ್ಕೆ ತೂತು ಬೀಳುತ್ತದೆ. ನಮಗೆ ಗೊತ್ತಿಲ್ಲದ ಹಾಗೆ ಕೈ ಅದನ್ನೇ ಬಳಿಯುತ್ತದೆ. ಯುದ್ಧದಲ್ಲಿ ಓಡಾಡುತ್ತಿದ್ದ ರೈಲಿನ ವಯಸ್ಸು ಒಂದೆರಡು ವರ್ಷ, ದಿನಾ ಜನ ಮುಟ್ಟುತ್ತಿದ್ದದ್ದು, ದಪ್ಪ ಉಕ್ಕಿನದು. ತುಕ್ಕು ಇರಬೇಕಾದದ್ದು ಬಣ್ಣ ಕೆರೆದ ಅಂಚಿನಲ್ಲಿ, ಮೆಟ್ಟಿಲಲ್ಲಿ, ಕಪ್ಲಿಂಗಿನಲ್ಲಿ. ಅಡಿಭಾಗಕ್ಕೆ, ಸ್ಲೀಪರಿನ ಮೇಲೆ, ಕಂಬಿಯ ಪಕ್ಕಕ್ಕೆ ಬ್ರೇಕಿನ ಎರಕದ ಕಬ್ಬಿಣ ಉದುರಿಸಿದ ಗಾಢ ಕಂದು ಪುಡಿ. ಕಂಬಿಯ ತಲೆ ಮಾತ್ರ ಬೆಳ್ಳಗೆ ಹೊಳೆಯಬೇಕು. ಎಂಜಿನ್ನಿನ ಸೋರುವ ಜಾಗಗಳಿಂದ ಬಾಯ್ಲರ್ ನೀರಿನ ಸುಣ್ಣದ ಬಿಳಿ ಗೆರೆ ಇಳಿದಿರುತ್ತದೆ. ಹೊಸ ತುಕ್ಕು ಯಾವ ಬಣ್ಣ, ಹಳೆಯದು ಯಾವ ಬಣ್ಣ ಎಂದು ನೋಡಲು 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಗಿಂತ ಪಾಠಶಾಲೆ ಬೇಕಿಲ್ಲ. ಅಲ್ಲಿನ ಗುಜರಿಗಳಲ್ಲಿ ಕಿತ್ತಳೆಯಿಂದ ಹಿಡಿದು ಕಾಫಿಪುಡಿಯ ಬಣ್ಣದವರೆಗೆ ಎಲ್ಲ ವಯಸ್ಸಿನ ತುಕ್ಕೂ ಒಟ್ಟಿಗೆ ಸಿಗುತ್ತದೆ.

ಆ ತುಕ್ಕಿಗೆ ಬೇಕಾದ ಪುಡಿಯನ್ನು ದುಡ್ಡು ಕೊಟ್ಟು ತರಿಸಬೇಕಿಲ್ಲ, ಕೆಮ್ಮಣ್ಣು ಇದೆ. ಹಸೆ ಚಿತ್ತಾರ ಬರೆಯುವ ಹೆಂಗಸರು ಗೋಡೆಗೆ ಬಳಸುವ ಅದೇ ಮಣ್ಣು, ಅದರ ಕೆಂಪು ಕೂಡ ಕಬ್ಬಿಣದ ತುಕ್ಕೇ. ಒಂದು ಹಿಡಿ ಮಣ್ಣನ್ನು ಒಂದು ಚೊಂಬು ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು, ಮೇಲೆ ತೇಲುತ್ತಿರುವ ಕೆಂಪು ನೀರನ್ನಷ್ಟೇ ಇನ್ನೊಂದು ಪಾತ್ರೆಗೆ ಬಸಿಯಿರಿ. ತಳದ ಮರಳು ಚೆಲ್ಲಿ. ಬಸಿದದ್ದನ್ನು ಮತ್ತೆ ಹೀಗೆ ಎರಡು ಸಲ. ರಾತ್ರಿ ಬಿಟ್ಟರೆ ತಳದಲ್ಲಿ ಗಂಧದಂಥ ಕೆನೆ ನಿಲ್ಲುತ್ತದೆ. ಬಿಸಿಲಿಗೆ ಒಣಗಿಸಿ, ಬೆರಳಲ್ಲಿ ಉಜ್ಜಿದರೆ ಒಂದು ಕಾಳೂ ಸಿಗಬಾರದು. ದೀಪದ ಕಾಡಿಗೆ ಸ್ವಲ್ಪ ಬೆರೆಸಿದರೆ ಹಳೆ ತುಕ್ಕು, ಹಾಗೇ ಬಿಟ್ಟರೆ ಹೊಸದು. ಟರ್ಪೆಂಟೈನಿನಲ್ಲಿ ಅದ್ದಿದ ಸಣ್ಣ ಕುಂಚದಿಂದ ಚುಕ್ಕೆ ಇಟ್ಟು, ಒಣಗಿದ ಮೇಲೆ ಒರೆಸಿ ಬೇಕಾದಷ್ಟೇ ಉಳಿಸಿಕೊಳ್ಳಿ. ನೆಲದ ಮಣ್ಣಿಗೆ ಮಾತ್ರ ಇದನ್ನು ಹಾಕಬೇಡಿ. ಹಳಿಯ ಬದಿ ಕೆಂಪಾದ ಕ್ಷಣ ನಿಮ್ಮ ರೈಲು ಸ್ಟಾಲಿನ್‌ಗ್ರಾಡಿನ ಕಡೆಯಿಂದ ಹೊರಟು ನಮ್ಮ ಮಲೆನಾಡಿನ ಆನಂದಪುರದಲ್ಲಿ ನಿಂತಿರುತ್ತದೆ. ರಷ್ಯದ ಬಯಲಿನ ಧೂಳಿಗೆ ಬೂದಿ ಬೆರೆತ ಕಂದು ಬಣ್ಣ ಬೇಕು.

ಕೊನೆಗೆ ಉಳಿಯುವುದು ತುದಿಯ ಬೋಳು ಬಂಡಿ. ಬಹಳ ಜನ ಇದನ್ನು ಕಟ್ಟುವುದೇ ಇಲ್ಲ, ಕಟ್ಟಿದರೂ ಖಾಲಿ ಬಿಡುತ್ತಾರೆ. ಸ್ಲೀಪರಿಗೆ ಹೆಚ್ಚುವರಿಯಾಗಿ ತಂದ ಕಡ್ಡಿಗಳು ಉಳಿದಿವೆಯಲ್ಲ, ಅವುಗಳಿಂದ ಹನ್ನೆರಡು ಸ್ಲೀಪರ್ ಮಾಡಿ ಬಂಡಿಯ ಮೇಲೆ ಒಂದರ ಮೇಲೊಂದು ಅಡ್ಡ ಪೇರಿಸಿ. ಕಂಬಿಯ ತುಂಡು ನಾಲ್ಕು, ಬಂಡಿಯ ಉದ್ದಕ್ಕೆ ಹಿಡಿಸುವಂತೆ ಕತ್ತರಿಸಿದವು, ಪೂರ್ತಿ 12.5 ಮೀಟರಿನ ಕಂಬಿ ಈ ಬಂಡಿಯಲ್ಲಿ ಕೂರುವುದಿಲ್ಲ. ಇವುಗಳ ತಲೆಯನ್ನು ಹೊಳೆಸಬೇಡಿ, ಅವುಗಳ ಮೇಲೆ ಇನ್ನೂ ಯಾವ ಚಕ್ರವೂ ಓಡಿಲ್ಲ, ಸುತ್ತಲೂ ಒಂದೇ ತುಕ್ಕು ಇರಬೇಕು. ಜೋಡುಪಟ್ಟಿ ಎಂಟು, ಮೊಳೆ ತುಂಬಿದ ಪೆಟ್ಟಿಗೆ ಒಂದು, ಹಾರೆ ಎರಡು, ಉದ್ದ ಹಿಡಿಯ ಸುತ್ತಿಗೆ ಎರಡು. ಎಲ್ಲವನ್ನೂ 32 ಗೇಜ್ ತಂತಿ ಎರಡೆಳೆ ಹೊಸೆದು ಬಂಡಿಯ ಪಕ್ಕದ ಕೊಂಡಿಗೆ ಬಿಗಿಯಿರಿ. ಹಾರೆ ಮತ್ತು ಸುತ್ತಿಗೆ ಮಾತ್ರ ಮೇಲಿರಲಿ, ಕಟ್ಟದೆ. ಬೇಕಾದಾಗ ಮೊದಲು ಕೈಗೆ ಸಿಗಬೇಕಾದದ್ದು ಅವು.